ಅದಕ್ಕೆಷ್ಟು ಮಾರ್ಕ್ಸ್ ಕಣೇ?

ಮೊನ್ನೆ ಲ್ಯಾಬ್ ಮುಗಿದ ಮೇಲೂ ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಎದ್ದಿರಲಿಲ್ಲ. ಸ್ಕ್ವೇರ್ ವೇವ್‌ನ, ಅಂದರೆ ಥಟ್ಟನೆ ಮೇಲೆ ಕೆಳಗೆ ಜಿಗಿಯುವ ಚೌಕದ ಅಲೆಯ, ಫೂರಿಯರ್ ಸರಣಿಯನ್ನು (ಸೈನ್, ಕೊಸೈನ್ ಅಲೆಗಳ ಮೊತ್ತ) ಪೈಥಾನ್‌ನಲ್ಲಿ ಬಿಡಿಸುತ್ತಿದ್ದಳು. 5 ಪದ, 50 ಪದ, 500 ಪದ. ಅಲೆ ನೆಟ್ಟಗಾಗುತ್ತಾ ಬಂತು, ಜಿಗಿತದ ಪಕ್ಕದ ಕೊಂಬು ಮಾತ್ರ ಹಾಗೇ ಇತ್ತು. "ಮೇಡಂ, ಇದ್ಯಾಕೆ ತಗ್ತಾನೇ ಇಲ್ಲ?" ನಾನು ಉತ್ತರಿಸುವ ಮೊದಲೇ ಗೆಳತಿ ಕೇಳಿದಳು: "ಅದಕ್ಕೆಷ್ಟು ಮಾರ್ಕ್ಸ್ ಕಣೇ? ಸೋಮವಾರ ಇಂಟರ್ನಲ್ಸ್." ಲ್ಯಾಪ್‌ಟಾಪ್ ಮುಚ್ಚಿತು.

ಕೊಂಬಿನ ಬಗ್ಗೆ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಚೆಂದವಿದೆ. ಪದ ಹೆಚ್ಚಿದಷ್ಟೂ ಕೊಂಬು ಸಪೂರವಾಗಿ ಜಿಗಿತದ ಹತ್ತಿರಕ್ಕೆ ಸರಿಯುತ್ತದೆ. ಎತ್ತರ ಮಾತ್ರ ಜಿಗಿತದ ಸುಮಾರು 9%ರಲ್ಲೇ ನಿಲ್ಲುತ್ತದೆ. −1ರಿಂದ 1ಕ್ಕೆ ಏರುವ ಅಲೆಯ ತುದಿ 1.18ರ ಆಸುಪಾಸು. 1848ರಲ್ಲೇ ಇಂಗ್ಲಿಷ್ ಗಣಿತಜ್ಞ ವಿಲ್‌ಬ್ರಹಾಂ ಇದನ್ನು ಗುರುತಿಸಿದ್ದರು. 1899ರಲ್ಲಿ ಅಮೆರಿಕದ ವಿಜ್ಞಾನಿ ಗಿಬ್ಸ್ 'ನೇಚರ್' ಪತ್ರಿಕೆಗೆ ಪತ್ರ ಬರೆದು ವಿವರಿಸಿದರು. ಈ ಕೊಂಬಿಗೆ ನಿಂತ ಹೆಸರು ಗಿಬ್ಸ್‌ದು: ಗಿಬ್ಸ್ ವಿದ್ಯಮಾನ.

ಗೆಳತಿಯನ್ನು ದೂರಲಾರೆ. ಶಿಸ್ತಿನ ಹುಡುಗಿ, ನಾವು ಕಲಿಸಿದ ಲೆಕ್ಕವನ್ನೇ ಅವಳು ಹಾಕಿದ್ದು. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಟರ್ನಲ್ಸ್‌ಗೆ, ಅಂದರೆ ಕಾಲೇಜಿನೊಳಗಿನ ಪರೀಕ್ಷೆಗೆ, 50, ಕೊನೆಯ ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ 20 ಬರಲೇಬೇಕು. ಕೊನೆಯ ಪತ್ರಿಕೆ 100 ಅಂಕದ್ದು (ಆಮೇಲೆ 50ಕ್ಕೆ ಇಳಿಸುತ್ತಾರೆ): ಐದು ಮಾಡ್ಯೂಲ್, ತಲಾ 20, ಪ್ರತಿಯೊಂದರಲ್ಲೂ ಎರಡರಲ್ಲಿ ಒಂದು ಪ್ರಶ್ನೆ. ಹಾಗಾಗಿ ಎರಡು ಮಾಡ್ಯೂಲ್ ಕೈಬಿಟ್ಟು ಉಳಿದ ಮೂರನ್ನು ಬಾಯಿಪಾಠ ಮಾಡುವವರು ಪ್ರತಿ ವರ್ಷ ಸಿಗುತ್ತಾರೆ. ಅವರಿಗೆ ಆಗ ಉಳಿಯುವುದೇ 60 ಅಂಕ. ಅದರಲ್ಲಿ ಒಂದು ಪ್ರಶ್ನೆ ವರಸೆ ಬದಲಿಸಿ ಬಂದರೆ ಅಂಕ ಪಾಸಿನ ಗೆರೆಯ ಹತ್ತಿರಕ್ಕೇ ಇಳಿದುಬಿಡುತ್ತದೆ.

ವರಸೆ ಬದಲಾಗುವುದು ಹೀಗೆ: (−π, π)ಯಲ್ಲಿ f(x) = x ಬೆಸ ಫಲನ (x ಬದಲು −x ಹಾಕಿದರೆ ಚಿಹ್ನೆಯಷ್ಟೇ ಬದಲಾಗುತ್ತದೆ), ಸೈನ್ ಪದಗಳಷ್ಟೇ ಸಾಕು. ಅದೇ x ಅನ್ನು (0, 2π)ಯಲ್ಲಿ ಕೊಟ್ಟರೆ ಬಹಳಷ್ಟು ಉತ್ತರ ಪತ್ರಿಕೆಗಳಲ್ಲಿ a₀ = 0 ಎಂದೇ ಇರುತ್ತದೆ (a₀ದ ಅರ್ಧವೇ ಸರಣಿಯ ಸ್ಥಿರ ಪದ). ಸಮ-ಬೆಸ ನೋಡುವುದಕ್ಕೆ x ಓಡುವ ವ್ಯಾಪ್ತಿ ಸೊನ್ನೆಯ ಎರಡೂ ಬದಿಗೆ ಸಮನಾಗಿರಬೇಕು, ಇಲ್ಲಿ ಇಲ್ಲ. a₀ = 2π, ಸರಣಿ π − 2Σ(sin nx)/n. x = π/2 ಹಾಕಿದರೆ π − π/2, ಸರಿಯಾಗಿ π/2 ಬರುತ್ತದೆ. ಈ ತಾಳೆ ನೋಡಲು ಒಂದು ನಿಮಿಷವೂ ಬೇಡ. ಗ್ರಾಫ್ ಬಿಡಿಸಿ ನೋಡಿದವರು ಈ ತಪ್ಪು ಮಾಡುವುದನ್ನು ನಾನು ಕಂಡಿದ್ದು ತೀರಾ ಕಡಿಮೆ. ಅಂದರೆ ಲ್ಯಾಪ್‌ಟಾಪ್ ಮುಚ್ಚಿದ್ದರಿಂದ ಅಂಕವೂ ಉಳಿಯಲಿಲ್ಲ.

ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಹಳೆಯ ಐದು ಪತ್ರಿಕೆಗಳನ್ನು ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಬಿಡಿಸಿ. ತಪ್ಪಿದ್ದನ್ನು ಮರುದಿನ ಮತ್ತೆ ಬಿಡಿಸಿ. ಐದೂ ಮಾಡ್ಯೂಲ್ ಹೀಗೆ ಮುಗಿದರೆ ಅಂಕದ ಕೆಲಸ ಮುಗಿಯಿತು. ಅದೇ ಲೆಕ್ಕವನ್ನು ಹತ್ತನೇ ಸಲ ಬರೆಯುವುದರಿಂದ ಹೆಚ್ಚೇನೂ ಸಿಗದು. ಆ ಹೊತ್ತನ್ನು ತಲೆ ಕೊರೆಯುವ ಪ್ರಶ್ನೆಗೆ ಕೊಡಿ. ಕ್ಯಾಂಪಸ್‌ಗೆ ಬರುವ ಎಷ್ಟೋ ಕಂಪನಿಗಳು ಕೇಳುವ ಸಿಜಿಪಿಎ (ಹತ್ತಕ್ಕೆ ಎಣಿಸುವ ಒಟ್ಟು ಸರಾಸರಿ) 6 ಅಥವಾ 7, ಅದನ್ನು ದಾಟಿದ ಮೇಲೆ ಸಂದರ್ಶನದಲ್ಲಿ ಎದುರಾಗುವುದು "ಯಾಕೆ?" ಎಂಬ ಪ್ರಶ್ನೆಯೇ.

ಇಂಟರ್ನಲ್ಸ್ ಪತ್ರಿಕೆ ತೆಗೆಯುವವರು ನಾವೇ ಅಲ್ಲವೇ? ಕ್ವೆಶ್ಚನ್ ಬ್ಯಾಂಕಿನಲ್ಲಿಲ್ಲದ ಒಂದು "ಯಾಕೆ"ಗೆ ಐದು ಅಂಕ ಇಟ್ಟರೆ ಆ ಗೆಳತಿಯೂ ಕುರ್ಚಿ ಎಳೆದುಕೊಂಡು ಕೂರುತ್ತಾಳೆ.