ಚೀನೀಯರ ಐದು ತತ್ವ ನಮ್ಮ ಪಂಚಭೂತವೇ ಅಲ್ವಾ?

ನಾನು ಚೀನೀ ವೈದ್ಯದ ಬಗ್ಗೆ ಓದುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಅದು ನಮ್ಮ ಪಂಚಭೂತವೇ ಅಲ್ವಾ, ಸಿಟ್ಟು ಬೇಜಾರಿಗೆಲ್ಲ ಅದರಲ್ಲಿ ಔಷಧ ಇದೆಯಂತೆ ಹೌದಾ ಅಂತ.

ಅಲ್ಲ. ಐದು ಅನ್ನುವ ಲೆಕ್ಕ ಮಾತ್ರ ಒಂದೇ. ಅವರಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು. ಇದಕ್ಕೆ 'ವೂ ಶಿಂಗ್' ಅನ್ನುತ್ತಾರೆ. ವೂ ಅಂದರೆ ಐದು, ಶಿಂಗ್ ಅಂದರೆ ನಡೆಯುವುದು. ಜಗತ್ತು ಯಾವುದರಿಂದ ಆಗಿದೆ ಅನ್ನುವುದಕ್ಕಿಂತ ಒಂದು ಇನ್ನೊಂದನ್ನು ಹೇಗೆ ಬೆಳೆಸುತ್ತದೆ, ಹೇಗೆ ತಡೆಯುತ್ತದೆ ಅನ್ನುವುದೇ ಅಲ್ಲಿ ಮುಖ್ಯ. ನೀರು ಮರವನ್ನು ಬೆಳೆಸುತ್ತದೆ, ಮರ ಉರಿದರೆ ಬೆಂಕಿ, ಉರಿದ ಬೂದಿ ಮಣ್ಣಾಗುತ್ತದೆ. ಹಾಗೇ ಮರದ ಬೇರು ಮಣ್ಣನ್ನು ಸೀಳುತ್ತದೆ, ಮಣ್ಣಿನ ಒಡ್ಡು ನೀರನ್ನು ನಿಲ್ಲಿಸುತ್ತದೆ.

ಸುಮಾರು 2000 ವರ್ಷ ಹಳೆಯ 'ಹ್ವಾಂಗ್‌ದಿ ನೇಜಿಂಗ್' ಗ್ರಂಥದಲ್ಲಿ ಮನಸ್ಸೂ ಈ ಲೆಕ್ಕಕ್ಕೆ ಸೇರಿದೆ. ಸಿಟ್ಟು ಮರದ್ದು, ಅದರ ಜಾಗ ಲಿವರ್. ಸಂತೋಷ ಬೆಂಕಿ, ಹೃದಯ. ಯೋಚನೆ ಮಣ್ಣು, ಗುಲ್ಮ (ಅಂದರೆ ಸ್ಪ್ಲೀನ್, ಅವರ ಪ್ರಕಾರ ಊಟ ಅರಗಿಸುವ ಕೆಲಸವೂ ಗುಲ್ಮದ್ದೇ). ದುಃಖ ಲೋಹ, ಶ್ವಾಸಕೋಶ. ಭಯ ನೀರು, ಮೂತ್ರಪಿಂಡ. ಸಂತೋಷ ಕೂಡ ಮಿತಿ ಮೀರಿದರೆ ಹೃದಯಕ್ಕೆ ಪೆಟ್ಟು. ಸಿಟ್ಟು ಬಂದರೆ ಮೈಯೊಳಗಿನ ಶಕ್ತಿ, ಅವರು 'ಚೀ' ಅನ್ನುವುದು, ಮೇಲಕ್ಕೇರುತ್ತದೆ, ಭಯವಾದರೆ ಕೆಳಗಿಳಿಯುತ್ತದೆ, ಯೋಚನೆ ಜಾಸ್ತಿಯಾದರೆ ಗಂಟು ಕಟ್ಟುತ್ತದೆ ಅಂತಲೂ ಅಲ್ಲಿದೆ. ಇದನ್ನು ಮೊದಲು ಓದಿದಾಗ ನನಗೆ ನಮ್ಮಜ್ಜಿ ನೆನಪಾದರು. ಮಕ್ಕಳ ಗಲಾಟೆ ಜಾಸ್ತಿಯಾದರೆ ಸೌಟು ಹಿಡಿದುಕೊಂಡೇ ಹೊರಗೆ ಬಂದು "ನನ್ನ ಪಿತ್ತ ನೆತ್ತಿಗೇರಿಸಬೇಡ್ರೋ" ಅನ್ನುತ್ತಿದ್ದರು. ಪಿತ್ತ ತಯಾರಾಗುವುದೂ ಲಿವರ್‌ನಲ್ಲೇ.

ಆದರೆ ಸಿಟ್ಟು ಲಿವರ್‌ನಲ್ಲೇ ಕೂತಿದೆ ಅನ್ನುವುದಕ್ಕೆ ಇವತ್ತಿನ ವಿಜ್ಞಾನದಲ್ಲಿ ಆಧಾರ ಇಲ್ಲ. ವಾರಗಟ್ಟಲೆ ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಸೇರದಿದ್ದರೆ, ಐದು ತತ್ವ ಹುಡುಕುತ್ತಾ ಕೂರಬೇಡಿ, ದಯವಿಟ್ಟು ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಹಾಗಾದರೆ ನೀನ್ಯಾಕೆ ಓದುತ್ತೀಯಾ ಅಂತ ಕೇಳಿದರೆ ನಾನು ಜಾಂಗ್ ತ್ಸೊಂಗ್‌ಜೆಂಗ್ ಅನ್ನುವ ವೈದ್ಯನ ಕಥೆ ಹೇಳುತ್ತೇನೆ. 1156ರಲ್ಲಿ ಹುಟ್ಟಿದವನು. ಅವನ ಹತ್ತಿರ ಒಬ್ಬ ಶ್ರೀಮಂತರ ಮನೆಯ ಹೆಂಗಸಿನ ವಿಷಯ ಬಂತು. ಯೋಚನೆ ಮಾಡಿ ಮಾಡಿ ಎರಡು ವರ್ಷದಿಂದ ಆಕೆಗೆ ನಿದ್ದೆ ಇಲ್ಲ, ಯಾವ ಔಷಧವೂ ನಾಟಿರಲಿಲ್ಲ. ಜಾಂಗ್ ಎರಡೂ ಕೈಯ ನಾಡಿ ಹಿಡಿದು ನೋಡಿದ, ಇದು ಗುಲ್ಮದ ತೊಂದರೆ ಅಂದ. ಮಣ್ಣನ್ನು ಸೀಳುವುದು ಮರ, ಅಂದರೆ ಯೋಚನೆಯನ್ನು ಮುರಿಯುವುದು ಸಿಟ್ಟು. ಹಾಗಾಗಿ ಗಂಡನನ್ನು ಗುಟ್ಟಾಗಿ ಜೊತೆಗೆ ಸೇರಿಸಿಕೊಂಡು ಆಕೆಗೆ ಸಿಟ್ಟು ಬರಿಸಲು ಹೊರಟ. ಸಿಕ್ಕಾಪಟ್ಟೆ ಹಣ ತೆಗೆದುಕೊಂಡ, ಅವರ ಮನೆಯಲ್ಲೇ ಕೂತು ಕೆಲವು ದಿನ ಮದ್ಯ ಕುಡಿದ, ಒಂದೇ ಒಂದು ಔಷಧವನ್ನೂ ಬರೆದುಕೊಡದೆ ಎದ್ದು ಹೋದ. ಆಕೆಗೆ ಎಲ್ಲಿಲ್ಲದ ಕೋಪ ಬಂತು, ಮೈಯೆಲ್ಲ ಬೆವರಿತು. ಅವತ್ತು ರಾತ್ರಿ ಕಣ್ಣು ತೂಗಿ ಮಲಗಿದವಳು ಎಂಟೊಂಬತ್ತು ದಿನ ಏಳಲಿಲ್ಲವಂತೆ, ಆಮೇಲೆ ಊಟ ಸೇರತೊಡಗಿತು, ನಾಡಿಯೂ ಸರಿಹೋಯಿತು.