ಬರೆದದ್ದೋ, ಆದದ್ದೋ?

ಮಂಗಳವಾರ ಸಂಜೆ ನನ್ನ ಕೆಲಸದ ಕೋಣೆಗೆ ಬಂದಿದ್ದ ಹಿರಿಯ ಕಲಾವಿದೆಯೊಬ್ಬರು ಅರ್ಧ ಗಂಟೆ ಮಾತಿಲ್ಲದೆ ನೋಡುತ್ತ ಕುಳಿತಿದ್ದರು. ಹೊರಡುವ ಮುನ್ನ ಹಲಗೆಯತ್ತ ಬೆರಳು ತೋರಿಸಿ, “ಈ ಕಣ್ಣಿನ ಕೆಳಗಿನ ನೆರಳು ನೀವು ಬರೆದದ್ದೋ, ತಾನಾಗಿ ಆದದ್ದೋ?” ಎಂದು ಕೇಳಿದರು. “ಆದದ್ದು” ಎಂದೆ. “ಹಾಗೇ ಅಂದುಕೊಂಡೆ” ಎಂದು ಹೇಳಿ ಹೊರಟುಹೋದರು. ಅಂದಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ನಾನು ಬರೆಯುತ್ತಿದ್ದದ್ದು ತೀರಿಹೋದ ಅಮ್ಮನ ಮುಖ. ಜೇನುಮೇಣಕ್ಕೆ ಒಂದಿಷ್ಟು ಡಮಾರ್ ಎಂಬ ಮರದ ರಾಳ ಸೇರಿಸಿ ಕರಗಿಸಿ, ಬಣ್ಣದ ಪುಡಿ ಕಲಸಿ, ಬಿಸಿಯಾಗಿರುವಾಗಲೇ ಮರದ ಹಲಗೆಗೆ ಹಚ್ಚುವ ವಿಧಾನವಿದು. ಕುಂಚವನ್ನು ಬಟ್ಟಲಿನಿಂದ ಹಲಗೆಗೆ ಒಯ್ಯುವಷ್ಟರಲ್ಲೇ ಮೇಣ ಗಟ್ಟಿಯಾಗತೊಡಗುವುದರಿಂದ ಉದ್ದನೆಯ ಗೆರೆ ಎಳೆಯುವುದು ಕಷ್ಟ. ಚಿಕ್ಕ ಚಿಕ್ಕ ಬೀಸುಗಳಲ್ಲೇ ಮುಖ ಮೂಡಬೇಕು. ಅದಕ್ಕಿಂತ ಕಠಿಣವಾದದ್ದು ಆಮೇಲಿನ ಕೆಲಸ. ಹಚ್ಚಿದ ಪ್ರತಿ ಪದರವನ್ನೂ ಮತ್ತೆ ಬಿಸಿಮಾಡಿ ಕೆಳಗಿನದಕ್ಕೆ ಬೆಸೆಯದಿದ್ದರೆ ಅದು ಮುಂದೊಂದು ದಿನ ಸಿಪ್ಪೆಯಂತೆ ಏಳುತ್ತದೆ. ಎನ್‌ಕಾಸ್ಟಿಕ್ ಎಂಬ ಈ ವಿಧಾನದ ಗ್ರೀಕ್ ಮೂಲದ ಹೆಸರಿಗೆ ಸುಟ್ಟು ಸೇರಿಸುವುದೆಂದೇ ಅರ್ಥ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಾಳ ಸೇರಿದರೆ ಇನ್ನು ಸ್ವಲ್ಪ ಹೆಚ್ಚು ಶಾಖ ಬೇಕು. ಚೆನ್ನಾಗಿ ಬಂದ ಕೆಲಸವನ್ನು ಪ್ರತಿಸಲವೂ ಬೆಂಕಿಗೆ ಒಪ್ಪಿಸಿಯೇ ಮುಂದೆ ಹೋಗಬೇಕು.

ಅಂದು ಹನ್ನೊಂದನೆಯ ಪದರ. ಎಡಗಣ್ಣಿನ ಮೇಲೆ, ಮೇಣ ಬೆಸೆಯುವ ಟಾರ್ಚಿನ ಜ್ವಾಲೆ ಒಂದು ಕ್ಷಣ ಹೆಚ್ಚು ನಿಂತಿತು. ರೆಪ್ಪೆಯಡಿಯ ಕಪ್ಪು ಮೊದಲು ಬೆವರಿದಂತೆ ಹೊಳೆಯಿತು, ಸಡಿಲವಾಯಿತು, ಉಗುರಿನಗಲ ಕೆಳಗೆ ಜಾರಿ ಕಾವಿಬಣ್ಣದೊಳಗೆ ಹರಡಿತು. ನಾನು ಕೈ ಹಿಂದಕ್ಕೆಳೆದೆ. ಹೊಳಪು ಇಳಿದು ಮೇಣ ಮಂಕಾಗಿ ಗಟ್ಟಿಯಾದಾಗ ಅಲ್ಲಿದ್ದದ್ದು, ಅಮ್ಮ ಕೊನೆಯ ತಿಂಗಳುಗಳಲ್ಲಿ ನಿದ್ದೆಯಿಲ್ಲದೆ ಕಳೆದ ರಾತ್ರಿಗಳ ಕಪ್ಪು. ಮೂರು ವಾರ ಕುಂಚ ಹಿಡಿದು ಹುಡುಕಿದರೂ ಸಿಗದಿದ್ದದ್ದು ಅದೇ.

ಆ ಕಲಾವಿದೆ ತೈಲವರ್ಣದವರು. ಒಂದೊಂದು ಕೂದಲೆಳೆಗೂ ಗಂಟೆಗಟ್ಟಲೆ ಕೂರುವವರು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ “ಹಾಗೇ ಅಂದುಕೊಂಡೆ” ಎಂಬ ಮಾತಿನಲ್ಲಿ, ಕಷ್ಟಪಡದೆ ಬಂದದ್ದು ತನ್ನದಲ್ಲ ಎಂಬ ತೀರ್ಪು ಇತ್ತು. ಅದು ನ್ಯಾಯವಲ್ಲ ಎಂದೇ ನನ್ನ ಭಾವನೆ. ಜ್ವಾಲೆ ನನ್ನ ಕೈಯಲ್ಲಿತ್ತು, ಅದನ್ನು ಸರಿಸಿದವಳೂ ನಾನೇ. ಇನ್ನೆರಡು ಕ್ಷಣ ತಡೆದಿದ್ದರೆ ಕಣ್ಣೇ ಹರಿದುಹೋಗುತ್ತಿತ್ತು. ಹಾಗೆ ಹೋದ ಮುಖಗಳನ್ನು ಮರ ಕಾಣುವವರೆಗೆ ಕೆರೆದು ತೆಗೆದಿದ್ದೇನೆ.

ನನ್ನನ್ನು ಈ ಮಾಧ್ಯಮಕ್ಕೆ ಎಳೆದು ತಂದದ್ದು ಈಜಿಪ್ಟಿನ ಫಯೂಮ್ ಮುಖಚಿತ್ರಗಳು. ರೋಮನ್ ಆಳ್ವಿಕೆಯ ಕಾಲದಲ್ಲಿ, ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳಲ್ಲಿ, ಸತ್ತವರ ಮುಖವನ್ನು ತೆಳು ಹಲಗೆಯ ಮೇಲೆ ಬರೆದು ಮಮ್ಮಿಯ ಬಟ್ಟೆಯ ಸುತ್ತುಗಳ ನಡುವೆ ಕೂರಿಸುತ್ತಿದ್ದರು. ಅವುಗಳಲ್ಲಿ ಹಲವು ಮೇಣದವು. 1888ರಲ್ಲಿ ಫಯೂಮ್ ಪ್ರದೇಶದ ಹವಾರಾದಲ್ಲಿ ಉತ್ಖನನ ನಡೆಸಿದ ಬ್ರಿಟಿಷ್ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ ಇಂಥ ಎಷ್ಟೋ ಮುಖಗಳು ಸಿಕ್ಕವು. ಒಣ ಮರಳು ಕಾಪಾಡಿದ ಆ ಕೆನ್ನೆಗಳ ಮೇಲೆ ಮೇಣವನ್ನು ಎಳೆದ ಉಪಕರಣದ ಗೀರುಗಳು ಇಂದಿಗೂ ಕಾಣುತ್ತವೆ. ದೊಡ್ಡ ಕಣ್ಣುಗಳಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ಗೀರುಗಳು. ಅವಸರದಲ್ಲಿ ಎಳೆದ ಕೈ ಅಲ್ಲೇ ಹೆಪ್ಪುಗಟ್ಟಿ ಕುಳಿತಿದೆ. ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಚಿತ್ರಕಾರ ಜಾಸ್ಪರ್ ಜಾನ್ಸ್ 1954ರಲ್ಲಿ ತಮ್ಮ ದೇಶದ ಬಾವುಟದ ಚಿತ್ರವನ್ನು ಎನಾಮೆಲ್ ಬಣ್ಣದಲ್ಲಿ ಆರಂಭಿಸಿ, ಅದು ಬೇಗ ಒಣಗದ ಕಾರಣ ಮೇಣಕ್ಕೆ ಬಂದರು. ಅಲ್ಲೂ ಪ್ರತಿ ಬೀಸು ತನ್ನ ಜಾಗದಲ್ಲೇ ಉಳಿದಿದೆ. ಅಂಥ ಚಿತ್ರದ ಮುಂದೆ ನಿಂತು ಇದರಲ್ಲಿ ಮೇಣದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸಲು ನನಗೆ ಆಗುವುದಿಲ್ಲ.

ಆದರೂ ರಾತ್ರಿ ದೀಪವಾರಿಸುವಾಗ ಅದೇ ಪ್ರಶ್ನೆ ಕಿವಿಯಲ್ಲಿರುತ್ತದೆ. “ಆದದ್ದು” ಎಂದು ಅಷ್ಟು ಬೇಗ ಒಪ್ಪಿಕೊಂಡದ್ದೇಕೆ ಎಂದು ನನ್ನ ಮೇಲೇ ಬೇಸರವಾಗುತ್ತದೆ. “ಬರೆದದ್ದು” ಎಂದಿದ್ದರೆ ಅದೂ ಪೂರ್ತಿ ನಿಜವಾಗುತ್ತಿರಲಿಲ್ಲ.

ಇಂದು ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಮುಖವನ್ನು ಉಜ್ಜಿದೆ. ಮಂಕು ಸರಿದು ಕಣ್ಣಿನಡಿಯ ಕಪ್ಪು ತೇವವಿದ್ದಂತೆ ಕಂಡಿತು. ಕೆಲಸ ಮುಗಿದಿದೆ, ಸೂಜಿಯಿಂದ ಮೇಣವನ್ನು ಗೀರಿ ಹೆಸರು ಬರೆಯುವುದೊಂದು ಬಾಕಿ. ಸೂಜಿಯನ್ನು ಎರಡು ಸಲ ಕೈಗೆತ್ತಿಕೊಂಡು ಮತ್ತೆ ಮೇಜಿನ ಮೇಲೇ ಇಟ್ಟಿದ್ದೇನೆ.