ಬೆಂಗಳೂರು–ಹೊಸಪೇಟೆ ಬೈಕ್ ದಾರಿ: ಗುಂಡಿ ಇಲ್ಲ, ಆದರೂ ನೆಲ ನೋಡಿಕೊಂಡು ಓಡಿಸಿ

ಬೆಂಗಳೂರಿಂದ ಹಂಪಿಗೆ ಬೈಕಲ್ಲಿ ಹೋಗ್ತೀವಿ ಅಂದ್ರೆ ಎಲ್ಲರದೂ ಒಂದೇ ಮಾತು, ‘ರೋಡು ಸೂಪರ್ ಗುರು, ಸುಮ್ನೆ ಹೋಗ್ತಾ ಇರು’. ಸುಳ್ಳಲ್ಲ. ತುಮಕೂರು, ಸಿರಾ, ಹಿರಿಯೂರು ದಾಟಿ ಚಿತ್ರದುರ್ಗದವರೆಗೆ 48ನೇ ನಂಬರ್ ಹೆದ್ದಾರಿ. ಅಲ್ಲಿಂದ ಬಲಕ್ಕೆ ಹೊರಳಿದರೆ ಕೂಡ್ಲಿಗಿ ಮೇಲೆ ಹೊಸಪೇಟೆಗೆ 50ನೇ ನಂಬರ್. ಒಟ್ಟು ಸುಮಾರು 340 ಕಿಲೋಮೀಟರ್. ಬೈಕಿಗೆ ಟೋಲ್ ಇಲ್ಲ. ಗುಂಡಿ ಅಪರೂಪ. ಆದರೆ ಆ ರಸ್ತೆಯ ಮೇಲೆ ಏನೇನು ಬಿದ್ದಿರುತ್ತದೆ ಅಂತ ಯಾರೂ ಹೇಳುವುದಿಲ್ಲ. ಹೇಳುವವರಲ್ಲಿ ಮುಕ್ಕಾಲು ಪಾಲು ಕಾರಲ್ಲಿ ಹೋಗಿ ಬಂದವರು. ಅವರಿಗೆ ಅದು ಕೆಳಗಡೆ ಟಕ್ ಅನ್ನುವ ಒಂದು ಸದ್ದು, ಅಷ್ಟೇ.

ನಾನು, ನನ್ನ ಭಾವಮೈದ ಡಿಸೆಂಬರಿನಲ್ಲಿ ಹೋಗಿದ್ದೆವು. ನನ್ನದು ಸ್ಪೋಕ್ ಚಕ್ರದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಟ್ಯೂಬ್ ಇರುವ ಟೈರು. ಅವನದು ಅಲಾಯ್ ಚಕ್ರ, ಟ್ಯೂಬ್‌ಲೆಸ್. ಹಂಪಿಯ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ನನಗೆ ಜನಜಂಗುಳಿ ಆಗಿಬರುವುದಿಲ್ಲ, ಡಿಸೆಂಬರ್ ಕೊನೆಯ ಹಂಪಿ ನನ್ನಂಥವರಿಗಲ್ಲ. ಅವನು ನೋಡಿದ, ನಾನು ರೂಮಿನಲ್ಲಿ ಮಲಗಿದ್ದೆ.

ಮೊದಲು ಸಿಕ್ಕಿದ್ದು ಮೊಳೆ. ಸಿರಾ ಹತ್ತಿರ ಅವನ ಹಿಂದಿನ ಚಕ್ರದಲ್ಲಿ ಗಾಳಿ ಇಳಿಯುತ್ತಿತ್ತು. ಟ್ಯೂಬ್‌ಲೆಸ್‌ನ ದೊಡ್ಡ ಅನುಕೂಲವೇ ಇದು. ಮೊಳೆ ಚುಚ್ಚಿಕೊಂಡೇ ಇರುತ್ತದೆ, ಗಾಳಿ ನಿಧಾನಕ್ಕೆ ಹೋಗುತ್ತದೆ. ಗಾಬರಿಯಾಗಿ ಅಲ್ಲೇ ಮೊಳೆ ಕೀಳಬೇಡಿ. ಹಾಗೇ ನಿಧಾನವಾಗಿ ಅಂಗಡಿ ತನಕ ಹೋಗಬಹುದು. ನಾವೂ ಹೋದೆವು. ಸರ್ವಿಸ್ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು, ಮುಂದೆ ಟೈರ್ ನೇತುಹಾಕಿದ್ದರು. ಅಂಗಡಿಯವನು ಸೋಪಿನ ನೀರು ಚಿಮುಕಿಸಿದ. ಮೊಳೆ ಇದ್ದ ಕಡೆ ಗುಳ್ಳೆ ಬಂತು. ಆಮೇಲೆ ‘ಅಣ್ಣಾ, ಬಿಸಿಲಲ್ಲಿ ಯಾಕೆ ನಿಂತಿದ್ದೀರ, ಟೀ ಕುಡೀರಿ’ ಅಂತ ಎದುರಿನ ಅಂಗಡಿ ತೋರಿಸಿದ. ಟೀ ಕುಡಿದು ಬರುವಷ್ಟರಲ್ಲಿ ಟೈರಿನಲ್ಲಿ ನಾಲ್ಕು ಪ್ಲಗ್, ಅಂದ್ರೆ ತೂತಿಗೆ ತುರುಕುವ ಅಂಟು ಸ್ಟ್ರಿಪ್! ಒಂದಕ್ಕೆ 150, ಒಟ್ಟು 600 ರೂಪಾಯಿ.

ಒಂದು ಮೊಳೆ ನಾಲ್ಕು ತೂತು ಮಾಡುವುದು ಹೇಗೆ? ಸೂಜಿ ಕೈಯಲ್ಲಿ ಇದ್ದವನು ಮಾಡುತ್ತಾನೆ. ಟ್ಯೂಬ್‌ಲೆಸ್ ಬಂದ ಮೇಲೆ ಹೆದ್ದಾರಿ ಬದಿಯಲ್ಲಿ ನಡೆಯುವ ಹಳೇ ಆಟ ಇದು. ಜಗಳವಾಡಿ 300ಕ್ಕೆ ಇಳಿಸಿದೆವು. ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಒಳ್ಳೆಯ ಟೈರಿಗೆ ಸುಮ್ಮಸುಮ್ಮನೆ ಬಿದ್ದ ಮೂರು ತೂತು. ಹಾಗಾಗಿ ಟೀ ಆಮೇಲೆ. ಪಂಕ್ಚರ್ ಹಾಕುವಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ‘ಇನ್ನೊಂದು ಇದೆ’ ಅಂದರೆ ಗುಳ್ಳೆ ತೋರಿಸು ಅನ್ನಿ. ಅದಕ್ಕಿಂತ ಒಳ್ಳೆಯದು, ಪ್ಲಗ್ ಕಿಟ್ ನೀವೇ ಇಟ್ಟುಕೊಳ್ಳುವುದು. ತೂತನ್ನು ಉಜ್ಜುವ ಒರಟು ಕಡ್ಡಿ, ದಬ್ಬಣದಂಥ ಸೂಜಿ, ಅಂಟು ಸ್ಟ್ರಿಪ್‌ಗಳು, ಇಷ್ಟೇ ಅದರಲ್ಲಿ ಇರುವುದು. ಜೊತೆಗೆ ಬೈಕಿನ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪ್ ಇದ್ದರೆ ಯಾರ ಹಂಗೂ ಬೇಡ. ಒಂದು ಮಾತ್ರ ನೆನಪಿರಲಿ. ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ ಪ್ಲಗ್ ನಿಲ್ಲುತ್ತದೆ. ಟೈರಿನ ಪಕ್ಕೆ ಹರಿದಿದ್ದರೆ ಯಾರೇ ಏನೇ ಹೇಳಿದರೂ ಆ ಟೈರು ಮುಗಿದ ಹಾಗೆ.

ಆ ಮೊಳೆ ಅಂಗಡಿಯವನೇ ರಸ್ತೆಗೆ ಹಾಕಿದ್ದು ಅಂತ ನಾನು ಹೇಳಲಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಇಂಜಿನಿಯರ್ ಒಬ್ಬರು ಅಯಸ್ಕಾಂತ ಕಟ್ಟಿದ ಕೋಲು ಹಿಡಿದು ಕೆಜಿಗಟ್ಟಲೆ ಮೊಳೆ ಆರಿಸಿದ ಸುದ್ದಿ ಓದಿದವರಿಗೆ ಅನುಮಾನ ಬರುವುದು ಸಹಜ. ಆದರೆ ಮೊಳೆಗೆ ಯಾವಾಗಲೂ ಕಳ್ಳನೇ ಬೇಕಾಗಿಲ್ಲ. ಗುಜರಿ ಲಾರಿಯಿಂದ, ಸೆಂಟ್ರಿಂಗ್ ಹಲಗೆ ಸಾಗಿಸುವ ಗಾಡಿಯಿಂದ ಉದುರುತ್ತಲೇ ಇರುತ್ತವೆ. ವಾಹನಗಳು ಓಡಾಡಿ ಓಡಾಡಿ ಇವೆಲ್ಲ ರಸ್ತೆಯ ಅಂಚಿಗೆ ಸೇರುತ್ತವೆ. ಬೈಕಿನವರು ‘ಸೇಫ್ ಆಗಿರಲಿ’ ಅಂತ ಹಿಡಿಯುವುದೂ ಅದೇ ಅಂಚನ್ನು. ಎಡಗಡೆಯ ಬಿಳಿ ಗೆರೆಯ ಆಚೆ ಹೋಗಬೇಡಿ. ಫೋಟೋಗೆ ಅಂತ ಅಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ. ಮಳೆ ಬಂದ ದಿನ ಇನ್ನೂ ಕಷ್ಟ, ಒದ್ದೆ ರಬ್ಬರಿಗೆ ಮೊಳೆ ಸಲೀಸಾಗಿ ಇಳಿಯುತ್ತದೆ.

ಇನ್ನು ಆ ದಾರಿಯ ನಿಜವಾದ ವಿಲನ್. ಹಿರಿಯೂರಿಂದ ಚಿತ್ರದುರ್ಗದ ಕಡೆ ಹೋಗುವಾಗ ಎಷ್ಟು ಕಡೆ ಕಣ್ಣಿಗೆ ಬಿತ್ತು ಅಂತ ಲೆಕ್ಕ ಇಟ್ಟಿಲ್ಲ. ಲಾರಿ ಟೈರಿನ ಮೇಲ್ಪದರ, ಹಲಸಿನ ಸಿಪ್ಪೆ ಸುಲಿದು ಎಸೆದ ಹಾಗೆ ರಸ್ತೆಯ ಮಧ್ಯೆ ಬಿದ್ದಿರುತ್ತದೆ. ಕೆಲವು ಒಂದು ಮಾರು ಉದ್ದ. ದೂರದಿಂದ ಟಾರಿನ ಪ್ಯಾಚ್ ಅನ್ನಿಸುತ್ತದೆ. ಹತ್ತಿರ ಬಂದಾಗ ದಪ್ಪ ರಬ್ಬರು, ಅದರೊಳಗಿಂದ ಎದ್ದು ನಿಂತ ಕಬ್ಬಿಣದ ತಂತಿ.

ರೀಟ್ರೆಡ್ ಟೈರ್, ಅಂದ್ರೆ ಸವೆದ ಟೈರಿಗೆ ಹೊಸ ಮೇಲ್ಪದರ ಅಂಟಿಸಿದ್ದು, ಹಾಕಿಸುವುದರಿಂದಲೇ ಹೀಗೆ ಅಂತ ಎಲ್ಲರೂ ಬೈಯುತ್ತಾರೆ. ಡಾಬಾದಲ್ಲಿ ಸಿಕ್ಕ ಲಾರಿ ಡ್ರೈವರ್ ಒಬ್ಬರು ಒಪ್ಪಲಿಲ್ಲ. ನನಗೂ ಅವರ ಮಾತೇ ಸರಿ ಅನ್ನಿಸಿತು. ಗಾಳಿ ಕಡಿಮೆ ಇದ್ದು, ಲೋಡು ಜಾಸ್ತಿ ಇದ್ದರೆ ಹೊಸ ಟೈರೂ ಕಾದು ಪದರ ಬಿಡುತ್ತದೆ. ಹಿಂದೆ ಜೋಡಿ ಚಕ್ರ ಇರುವುದರಿಂದ ಒಂದರ ಗಾಳಿ ಇಳಿದರೆ ಇನ್ನೊಂದು ಭಾರ ಹೊರುತ್ತದೆ. ಡ್ರೈವರಿಗೆ ಎಷ್ಟೋ ಹೊತ್ತು ಗೊತ್ತೇ ಆಗುವುದಿಲ್ಲ. ಇಳಿದ ಟೈರು ನುಜ್ಜಾಗಿ, ಕಾದು, ಸಿಪ್ಪೆ ಕಿತ್ತು ಹಿಂದೆ ಬರುವವರ ಮುಂದೆ ಬೀಳುತ್ತದೆ. ಅದಕ್ಕೇ ಲಾರಿಯ ಪಕ್ಕದಲ್ಲಿ ಸಮಸಮಕ್ಕೆ ಹೋಗಬೇಡಿ. ದಾಟಬೇಕು ಅಂದ್ರೆ ಬೇಗ ದಾಟಿ. ಇಲ್ಲ ಅಂದ್ರೆ ಚೆನ್ನಾಗಿ ಹಿಂದೆ ಇರಿ.

ಹಿಂದೆ ಇರುವಾಗಲೂ ಎಲ್ಲಿ ಇರುತ್ತೀರಿ ಅನ್ನುವುದು ಮುಖ್ಯ. ಲಾರಿಯ ನಡು ಹಿಡಿದು ಹೋದರೆ ಕೆಳಗೆ ಬಿದ್ದದ್ದು ಲಾರಿಯ ಎರಡು ಚಕ್ರಗಳ ನಡುವೆ ನುಸುಳಿ ಸೀದಾ ನಿಮ್ಮ ಮುಂದಿನ ಚಕ್ರಕ್ಕೇ ಬರುತ್ತದೆ. ಕಾಣುವ ಹೊತ್ತಿಗೆ ಸಮಯ ಇರುವುದಿಲ್ಲ. ಚಕ್ರ ಹೋಗುವ ಜಾಡಿನಲ್ಲೇ ಹೋಗಿ. ಅಲ್ಲಿ ಏನಾದರೂ ಬಿದ್ದಿದ್ದರೆ ಡ್ರೈವರೇ ಅದನ್ನು ತಪ್ಪಿಸುತ್ತಾನೆ, ಆಗ ನಿಮಗೂ ಗೊತ್ತಾಗುತ್ತದೆ.

ನನಗೆ ತಾಗಿದ್ದು ದೊಡ್ಡ ಸಿಪ್ಪೆ ಅಲ್ಲ, ಅದರ ತುಂಡು. ಎಡಕ್ಕೆ ಲಾರಿ, ಬಲಕ್ಕೆ ಕಾರು, ತಪ್ಪಿಸಲು ಜಾಗ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬ್ರೇಕು, ತಿರುವು ಎರಡೂ ಒಟ್ಟಿಗೆ ಮಾಡಿದರೆ ಬೀಳುವುದು ಗ್ಯಾರಂಟಿ. ಮೊದಲೇ ಎಷ್ಟು ಆಗುತ್ತದೋ ಅಷ್ಟು ವೇಗ ಇಳಿಸಿ, ತಾಗುವ ಮುಂಚೆ ಬ್ರೇಕ್ ಬಿಟ್ಟು, ಹ್ಯಾಂಡಲ್ ನೇರ ಇಟ್ಟು, ಫುಟ್‌ರೆಸ್ಟ್ ಮೇಲೆ ಸ್ವಲ್ಪ ಎದ್ದು ದಾಟಬೇಕು. ದಾಟಿದೆ. ಒಂದೆರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹಿಂಭಾಗ ಬಾಲ ಆಡಿಸತೊಡಗಿತು. ತಂತಿ ಟೈರು ದಾಟಿ ಟ್ಯೂಬಿಗೆ ಇಳಿದಿತ್ತು. ಟ್ಯೂಬಿನಲ್ಲಿ ಗಾಳಿ ಬುಸ್ಸನೆ ಹೋಗುತ್ತದೆ, ಮೊಳೆ ಬಿಗಿಯಾಗಿ ಕೂತು ಕಾಪಾಡುವುದಿಲ್ಲ. ಹಿಂದಿನ ಚಕ್ರ ಹೋದರೆ ಹಿಂದಿನ ಬ್ರೇಕ್ ಒತ್ತಬೇಡಿ. ಆಕ್ಸಲರೇಟರ್ ಮೆಲ್ಲಗೆ ಬಿಡಿ, ಹ್ಯಾಂಡಲ್ ಜೊತೆ ಕುಸ್ತಿ ಮಾಡಬೇಡಿ, ವೇಗ ಇಳಿದ ಮೇಲೆ ಮುಂದಿನ ಬ್ರೇಕ್ ಹಗುರವಾಗಿ ಹಿಡಿಯಿರಿ. ಮುಂದಿನ ಚಕ್ರ ಹೋದರೆ ಉಲ್ಟಾ, ಹಿಂದಿನದು ಮಾತ್ರ.

ಹೆದ್ದಾರಿಯ ಸಹಾಯವಾಣಿ 1033. ಫೋನ್ ಮಾಡಿದೆವು, ಗಸ್ತು ಗಾಡಿ ಬಂತು. ಅವರು ಪಂಕ್ಚರ್ ಹಾಕುವುದಿಲ್ಲ, ಆದರೆ ನಮ್ಮ ಹಿಂದೆ ಕೆಂಪು ಕೋನ್‌ಗಳನ್ನು ಇಟ್ಟು ನಿಂತರು. ಆರು ಪಥದ ರಸ್ತೆಯ ಬದಿಯಲ್ಲಿ ಚಕ್ರ ಬಿಚ್ಚಿಕೊಂಡು ಕೂತವನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮತ್ತೆ, ಕೆಟ್ಟು ನಿಂತ ಲಾರಿಯವರ ಪದ್ಧತಿ ನೋಡಿರುತ್ತೀರಿ ಅಲ್ವಾ, ಹಿಂದೆ ಸಾಲಾಗಿ ಕಲ್ಲು, ಮೇಲೆ ಹಸಿರು ಕೊಂಬೆ. ಗಾಡಿ ರಿಪೇರಿಯಾದ ಮೇಲೆ ಕಲ್ಲು ತೆಗೆಯುವ ಪುಣ್ಯಾತ್ಮರು ಕಡಿಮೆ. ತಲೆಗಾತ್ರದ ಕಲ್ಲುಗಳು ಹಾಗೇ ಎಡ ಪಥದಲ್ಲಿ ಕೂತಿರುತ್ತವೆ. ಕತ್ತಲಲ್ಲಿ ಬೈಕಿನ ಲೈಟಿಗೆ ಅವು ಕಾಣುವ ದೂರದಲ್ಲಿ ನಿಲ್ಲಿಸಲು ಆಗುವುದಿಲ್ಲ. ‘ಬೆಳಗಿನ ಜಾವ ಮೂರಕ್ಕೆ ಬಿಟ್ಟರೆ ಟ್ರಾಫಿಕ್ ಇರಲ್ಲ’ ಅನ್ನುವ ಸಲಹೆಯನ್ನು ನಾನು ಒಪ್ಪದಿರುವುದು ಇದಕ್ಕೇ. ತುಮಕೂರು ದಾಟುವಾಗ ಬೆಳಕು ಹರಿದಿರಬೇಕು.

ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡದ ಹತ್ತಿರ ಅಡ್ಡಗಾಳಿ ಬೈಕನ್ನು ತಳ್ಳುತ್ತದೆ. ಅದು ಬಿಟ್ಟರೆ ಅಲ್ಲಿಂದ ಮುಂದೆ ಹೆಚ್ಚು ಹೇಳುವುದಿಲ್ಲ. ಹೊಟ್ಟೆಯ ವಿಷಯ ಮಾತ್ರ ಹೇಳಲೇಬೇಕು.

ಕೂಡ್ಲಿಗಿ ಹತ್ತಿರ ಹೆದ್ದಾರಿ ಬಿಟ್ಟು ಊರೊಳಗೆ ಇಳಿಯಿರಿ. ಹೆದ್ದಾರಿ ಮೇಲಿನ ಹವಾನಿಯಂತ್ರಿತ ಹೋಟೆಲುಗಳಲ್ಲಿ ಕಾಫಿಗೆ ಕೊಡುವ ದುಡ್ಡಿಗೆ ಇಲ್ಲಿ ಹೊಟ್ಟೆ ತುಂಬುತ್ತದೆ. ನಾವು ತಿಂದ ಜಾಗಕ್ಕೆ ಬೋರ್ಡಿಲ್ಲ. ಗರಿ ಚಪ್ಪರ, ಎರಡು ಬೆಂಚು, ಒಂದು ಸೌದೆ ಒಲೆ. ಅಮ್ಮ ಒಗ್ಗರಣೆ ಮಾಡುತ್ತಾರೆ, ಮಗ ಮಿರ್ಚಿ ಕರಿಯುತ್ತಾನೆ. ಬೆಂಗಳೂರಿನವರಿಗೆ ಒಗ್ಗರಣೆ ಅಂದ್ರೆ ಸಾಸಿವೆ ಸಿಡಿಸುವುದು. ಬಳ್ಳಾರಿ ಸೀಮೆಯಲ್ಲಿ ಅದು ತಿಂಡಿ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸು, ಟೊಮೆಟೊ, ಅರಿಶಿನ ಹಾಕಿ ಬಾಡಿಸಿದ್ದಕ್ಕೆ ಬೆರೆಸುತ್ತಾರೆ. ಮೇಲೆ ಹುರಿಗಡಲೆ ಪುಡಿ. ಮಂಡಕ್ಕಿ ಮುದ್ದೆಯಾಗಬಾರದು, ಒಣಗಲೂಬಾರದು. ಆ ಅಮ್ಮನ ಕೈಯಲ್ಲಿ ಎರಡೂ ಆಗುವುದಿಲ್ಲ. ಮಿರ್ಚಿಯೊಳಗೆ ಜೀರಿಗೆ, ಉಪ್ಪು, ಹುಣಸೆ ಸವರಿದ್ದರು. ಹಾಗಾಗಿ ಖಾರದ ಹಿಂದೆ ಹುಳಿ ಬರುತ್ತದೆ. ಒಂದು ತಟ್ಟೆ ಮುಗಿಸುವಷ್ಟರಲ್ಲಿ ‘ಇನ್ನೊಂದೀಟು ಹಾಕ್ಲೇನಪ್ಪಾ?’ ಅಂತ ಕೇಳುತ್ತಲೇ ಹಾಕಿಯೂ ಆಗಿತ್ತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಇಬ್ಬರಿಗೂ ಟೀ ಸೇರಿ ನೂರರ ಒಳಗೆ. ನನ್ನ ಕೈಯ ಗ್ರೀಸು ನೋಡಿ ಕೇಳದೆಯೇ ಸೀಗೆಪುಡಿ ಕೊಟ್ಟರು. ಬೆಳಿಗ್ಗೆ ಹೋದರೆ ಸಿಗುತ್ತದೆ, ಹತ್ತೂವರೆ ಮೇಲೆ ಒಲೆ ಆರಿಸುತ್ತಾರೆ.

ಹೊಸಪೇಟೆಯ ರೂಮಿನ ಬಗ್ಗೆ ಒಂದೇ ಸಾಲು: 2,800 ಕೊಟ್ಟು, ಬೈಕನ್ನು ರಸ್ತೆಯಲ್ಲಿ ನಿಲ್ಲಿಸಬೇಕಾಯಿತು.

ಹಂಪಿ ಬೇಡವಾದ ನಾನು ಭಾವಮೈದನನ್ನು ಎಬ್ಬಿಸಿಕೊಂಡು ಒಂದು ಬೆಳಿಗ್ಗೆ ಗುಡೇಕೋಟೆ ಕಡೆ ಹೋದೆ. ಕೂಡ್ಲಿಗಿ ತಾಲ್ಲೂಕು, ಕರಡಿ ಧಾಮ ಇರುವ ಬಂಡೆಗುಡ್ಡಗಳ ಜಾಗ. ಕರಡಿ ಕಾಣಲಿಲ್ಲ. ಒಳರಸ್ತೆಯ ಕಥೆಯೇ ಬೇರೆ. ಡಿಸೆಂಬರ್, ಜನವರಿಯಲ್ಲಿ ರೈತರು ರಸ್ತೆಯನ್ನೇ ಕಣ ಮಾಡಿಕೊಳ್ಳುತ್ತಾರೆ. ಮೆಕ್ಕೆಜೋಳ ಒಣಗಲು ಹಾಕಿ ಸುತ್ತ ಕಲ್ಲು ಇಡುತ್ತಾರೆ. ಹುರುಳಿ, ರಾಗಿ, ತೊಗರಿಯನ್ನು ವಾಹನದ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಅಂತ ಅಡ್ಡಡ್ಡ ಹರಡುತ್ತಾರೆ. ಕಣ ಮಾಡಲು ಜಾಗ, ಆಳು ಎರಡೂ ಇಲ್ಲದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ನನಗೆ ಮನಸ್ಸಾಗಲಿಲ್ಲ. ಆದರೆ ಬೈಕಿಗೆ ಅದು ಎಣ್ಣೆ ಚೆಲ್ಲಿದ ನೆಲವೇ ಸರಿ. ಹುಲ್ಲಿನ ಮೇಲೆ ಬ್ರೇಕ್ ಹಾಕಿದರೆ ಹುಲ್ಲಿನ ಸಮೇತ ಜಾರುತ್ತೀರಿ. ಅದಕ್ಕಿಂತ ಕೆಟ್ಟದ್ದು ಬಳ್ಳಿ. ಹುರುಳಿ ಬಳ್ಳಿ ಚೈನಿಗೆ, ಚಕ್ರದ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರಿಗೆ ತಾಗಿದರೆ ಹೊಗೆ ಬರುತ್ತದೆ. ಹೀಗೆ ಕೆಳಗೆ ಹುಲ್ಲು ಸಿಕ್ಕಿಕೊಂಡು ಕಾರುಗಳೇ ಹೊತ್ತಿ ಉರಿದದ್ದುಂಟು. ಅಂಚಿನಲ್ಲಿ ಒಂದಡಿ ಖಾಲಿ ಟಾರು ಇದ್ದರೆ ಅಲ್ಲೇ ನುಸುಳಿ. ಇಲ್ಲದಿದ್ದರೆ ಮೊದಲ ಗೇರಿನಲ್ಲಿ, ಕಾಲು ಇಳಿಬಿಟ್ಟುಕೊಂಡು ದಾಟಿ. ದಾಟಿದ ಮೇಲೆ ಇಳಿದು ಚೈನ್ ನೋಡಿ. ಸಂಡೂರಿನ ಕಡೆ ತಿರುಗಿದರೆ ಅದಿರು ಲಾರಿಗಳು. ತಿರುವುಗಳಲ್ಲಿ ಉದುರಿದ ಅದಿರಿನ ಪುಡಿ, ಉಂಡೆಗಳ ಮೇಲೆ ಬೈಕನ್ನು ವಾಲಿಸಬೇಡಿ.

ಹೊರಡುವ ಮುಂಚೆ ನೋಡಬೇಕಾದದ್ದು ಸ್ವಲ್ಪವೇ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನೆಲಕ್ಕೆ ತಾಗುವ ಬಟನ್ ಸವೆಯದೆ ಚೆನ್ನಾಗಿದ್ದರೂ ಪಕ್ಕೆಯಲ್ಲಿ ಸಣ್ಣ ಬಿರುಕು ಕಂಡರೆ ಆ ಟೈರಿನಲ್ಲಿ ದೂರ ಹೋಗಬೇಡಿ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಹಿಂದೆ ಜನ, ಲಗೇಜು ಇದ್ದರೆ ಎಷ್ಟು ಅಂತ ಕಂಪನಿ ಪುಸ್ತಕದಲ್ಲೇ ಬೇರೆ ಬರೆದಿರುತ್ತಾರೆ. ಬಂಕಿನ ಮೀಟರುಗಳು ಒಂದೊಂದು ಕಡೆ ಒಂದೊಂದು ಹೇಳುತ್ತವೆ, ಸ್ವಂತ ಗೇಜ್ ಜೇಬಲ್ಲಿರಲಿ. ಕಣ್ಣಿಗೆ ಹೆಲ್ಮೆಟ್ ಗಾಜು ಇಳಿಸಿರಿ, ಜಲ್ಲಿ ಲಾರಿಯ ಹಿಂದೆ ಹೋದವರಿಗೆ ಯಾಕೆ ಅಂತ ಗೊತ್ತು.

ಸ್ಪೋಕ್ ಚಕ್ರದವರು ಮಾತ್ರ ಎರಡು ಟ್ಯೂಬ್ ಹೊತ್ತುಕೊಳ್ಳಲೇಬೇಕು. ನನ್ನ ಬೈಕಿನ ಹಿಂದಿನ ಚಕ್ರದ 18 ಇಂಚಿನದು ಹಳ್ಳಿ ಅಂಗಡಿಯಲ್ಲೂ ಸಿಗಬಹುದು, ದಿನನಿತ್ಯದ ಎಷ್ಟೋ ಬೈಕುಗಳಿಗೆ ಅದೇ ಅಳತೆ. ಮುಂದಿನ 19 ಇಂಚಿನದು ಕೇಳಿದರೆ ಮುಖ ನೋಡುತ್ತಾರೆ. ಹೊಸಪೇಟೆಯಲ್ಲಿ ಸಿಕ್ಕಿತು, ಆದರೆ ನಾವು ಹುಡುಕಿದ ಭಾನುವಾರ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿದ್ದವು. ಶನಿವಾರ ಸಂಜೆಯೊಳಗೆ ತಗೊಂಡುಬಿಡಿ.